2004ರ ಕಾಸ್ಟ್ ಐರನ್ ಬುಲೆಟ್ 350 ಪುಣೆಯಲ್ಲಿ ಸಿಕ್ಕಿದೆ, ತಗೊಳ್ಳೋ ಮುಂಚೆ ಏನೇನು ನೋಡಬೇಕು?

ಕೋಥ್ರುಡ್‌ಕರ್:

ನಮಸ್ಕಾರ. ಸದಾಶಿವ ಪೇಠ್‌ನಲ್ಲಿ ಒಂದು ಬುಲೆಟ್ ಸ್ಟ್ಯಾಂಡರ್ಡ್ 350 ಮಾರಾಟಕ್ಕಿದೆ. 2004ರ ಗಾಡಿ, ಕಾಸ್ಟ್ ಐರನ್ ಎಂಜಿನ್, ಬಲಗಾಲಿನ ಗೇರು, ಪ್ಲಾಟಿನಂ ಪಾಯಿಂಟ್ (ಕಿಡಿ ಕೊಡಿಸುವ ಹಳೇ ಥರದ ಸ್ವಿಚ್ಚು), ಕಿಕ್ ಮಾತ್ರ. ಎಂಎಚ್ 12 ನೋಂದಣಿ, ಈಗಿನವರು ಮೂರನೇ ಮಾಲೀಕರು. ಮೀಟರ್ 41 ಸಾವಿರ ತೋರಿಸ್ತಿದೆ, ಆದರೆ ಕೇಬಲ್ ಕಡಿದು ಬಿದ್ದಿದೆ. 90 ಸಾವಿರ ಹೇಳ್ತಿದ್ದಾರೆ. ಹೊಸ ಕಪ್ಪು ಬಣ್ಣ, ಚಿನ್ನದ ಗೆರೆ, ಹೊಸ ಸೀಟು, ಫೋಟೋದಲ್ಲಿ ಮದುಮಗನ ಹಾಗಿದೆ. ಆರ್‌ಸಿ 2019ರಲ್ಲಿ ಒಮ್ಮೆ ನವೀಕರಣವಾಗಿ ಮಾರ್ಚ್ 2024ಕ್ಕೆ ಮುಗಿದಿದೆ. "ಅದೇನು ದೊಡ್ಡ ವಿಷಯ ಅಲ್ಲ, ಏಜೆಂಟ್ ಮಾಡಿಕೊಡ್ತಾನೆ" ಅನ್ನೋದು ಅವರ ಮಾತು.

ನನ್ನ ಬಳಕೆ: ಶನಿವಾರ ಭಾನುವಾರ ಊರೊಳಗೆ, ಆಗೊಮ್ಮೆ ಈಗೊಮ್ಮೆ ಬೆಳಗಾವಿಗೆ. ಪಲ್ಸರ್, ಯೂನಿಕಾರ್ನ್ ಥರದ ಗಾಡಿಗಳ ಕೆಲಸ ಗೊತ್ತು, ಬುಲೆಟ್ ಎಂಜಿನ್ ಹೊಸದು. ಭಾನುವಾರ ನೋಡೋಕೆ ಹೋಗ್ತಿದ್ದೇನೆ. ಮೆಕ್ಯಾನಿಕ್ ಜೊತೆಗಿಲ್ಲದೆ, ಎಂಜಿನ್ ಬಿಚ್ಚದೆ, ಒಂದು ಗಂಟೆಯಲ್ಲಿ ಏನು ತಿಳಿದುಕೊಳ್ಳಬಹುದು?

---

ಪುಶ್‌ರಾಡ್_350:

ಒಂದು ಗಂಟೆ ಧಾರಾಳ ಸಾಕು, ಆದರೆ ಎಂಜಿನ್ ತಣ್ಣಗಿರಬೇಕು. "ನಾನು ಬಂದ ಮೇಲೇ ಸ್ಟಾರ್ಟ್ ಮಾಡಿ" ಅಂತ ಮೊದಲೇ ಫೋನಿನಲ್ಲಿ ಹೇಳಿ. ಹೋದ ತಕ್ಷಣ ಸಿಲಿಂಡರ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಹತ್ತಿರದಲ್ಲಿ ಚಹಾ ಕುಡಿದು ಎರಡು ಗಂಟೆ ಬಿಟ್ಟು ಬನ್ನಿ. ಬಿಸಿ ಎಂಜಿನ್ ಅರ್ಧ ರೋಗ ಮುಚ್ಚಿಡುತ್ತೆ.

ಬಣ್ಣ, ಗೆರೆ, ಸೀಟು ಇವಕ್ಕೆ ಬೆಲೆ ಕಟ್ಟಬೇಡಿ. ಮೀಟರಿನ 41 ಸಾವಿರಕ್ಕೂ ಅಷ್ಟೇ.

ಮೊದಲು ಕಂಪ್ರೆಷನ್. ಕೀ ಆಫ್ ಇರಲಿ. ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಹೊರಬಿಡುವ ಸಣ್ಣ ಲಿವರ್) ಮುಟ್ಟದೆ ಕಿಕ್ಕನ್ನು ಮೆಲ್ಲಗೆ ಒತ್ತುತ್ತಾ ಬಂದರೆ ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತೆ. ಅಲ್ಲಿ ಮೈಭಾರ ಪೂರ್ತಿ ಬಿಡಿ. ಒಳ್ಳೇ ಎಂಜಿನ್ ಒಂದೆರಡು ಕ್ಷಣ ನಿಮ್ಮನ್ನು ಹೊತ್ತು, ಆಮೇಲೆ ನಿಧಾನಕ್ಕೆ ಕೆಳಗಿಳಿಸುತ್ತೆ. ತಡೆಯೇ ಇಲ್ಲದೆ ಸರ್ರನೆ ಇಳಿದರೆ ರಿಂಗ್ ಇಲ್ಲವೇ ವಾಲ್ವ್ ಹೋಗಿದೆ, ಅಥವಾ ಡಿಕಂಪ್ರೆಸರ್ ವಾಲ್ವ್ ಪೂರ್ತಿ ಕೂರುತ್ತಿಲ್ಲ. ಡಿಕಂಪ್ರೆಸರ್ ಕೇಬಲ್ಲಿಗೆ ಸ್ವಲ್ಪ ಸಡಿಲ ಇದೆಯಾ ಮೊದಲು ನೋಡಿ, ಅದು ಬಿಗಿಯಾಗಿದ್ದರೆ ಒಳ್ಳೇ ಎಂಜಿನ್ ಕೂಡ ಸತ್ತಂತೆ ಕಾಣುತ್ತೆ. ಎಂಜಿನ್ ತಿರುಗದೆ ಕಿಕ್ ಮಾತ್ರ ಕರ್ರ್ ಅಂತ ಜಾರಿದರೆ ಗೇರ್‌ಬಾಕ್ಸ್ ಒಳಗಿನ ಕಿಕ್ ರ್‍ಯಾಚೆಟ್, ಪಾಲ್ (ಹಲ್ಲು ಹಿಡಿಯುವ ಕೊಂಡಿ) ಸವೆದಿವೆ.

ಸ್ಟಾರ್ಟ್ ಮಾಡುವ ಕ್ರಮ: ಕೀ ಆನ್ ಮಾಡಿ, ಆಮೀಟರ್ (ಕರೆಂಟ್ ತೋರಿಸುವ ಮೀಟರ್) ಮುಳ್ಳು ನೋಡುತ್ತಾ ಕಿಕ್ ನಿಧಾನ ಒತ್ತಿ. ಪಾಯಿಂಟ್ ಮುಚ್ಚಿದ್ದಾಗ ಮುಳ್ಳು ಮೈನಸ್ ಕಡೆ ಇರುತ್ತೆ, ತೆರೆದಾಗ ಮಧ್ಯಕ್ಕೆ ಬರುತ್ತೆ. ಮಧ್ಯಕ್ಕೆ ಬಂದಾಗ ಡಿಕಂಪ್ರೆಸರ್ ಹಿಡಿದು ಕಿಕ್ಕನ್ನು ಸ್ವಲ್ಪವೇ ಮುಂದೆ ತಳ್ಳಿ, ಲಿವರ್ ಬಿಟ್ಟು, ಕಿಕ್ ಮೇಲಕ್ಕೆ ಬಿಟ್ಟು, ಆಮೇಲೆ ಒಂದೇ ಪೂರ್ಣ ಒದೆತ. ಹೀಗೆ ಮಾಡಿಯೂ ಕಿಕ್ ವಾಪಸ್ ಹೊಡೆದರೆ ಟೈಮಿಂಗ್ ಮುಂದಿದೆ (ಕಿಡಿ ಬೇಗ ಬರುತ್ತಿದೆ), ಅಥವಾ ಆಟೊ ಅಡ್ವಾನ್ಸ್ (ವೇಗ ಏರಿದಂತೆ ಕಿಡಿಯನ್ನು ಮುಂಚೆ ಕೊಡಿಸುವ ಭಾಗ) ಸ್ಪ್ರಿಂಗ್ ಸಡಿಲಾಗಿವೆ. ಇದು ಸಣ್ಣ ರಿಪೇರಿ, ಆದರೆ ಮೊಣಕಾಲಿಗೆ ಸಣ್ಣದಲ್ಲ. ಪಾಯಿಂಟ್ ಗ್ಯಾಪ್ 0.35ರಿಂದ 0.4 ಮಿ.ಮೀ. ಇರಬೇಕು, ಫೀಲರ್ ಗೇಜ್ ಜೇಬಿನಲ್ಲಿಟ್ಟುಕೊಳ್ಳಿ.

ಸ್ಟಾರ್ಟ್ ಆದ ಮೇಲೆ ಮೊದಲ ಕೆಲಸ ಆಯಿಲ್ ಹೆಡ್ಡಿಗೆ ಹತ್ತುತ್ತಿದೆಯಾ ನೋಡೋದು. ರಾಕರ್‌ಗೆ (ಹೆಡ್ಡಿನಲ್ಲಿ ವಾಲ್ವ್ ಒತ್ತುವ ತೋಳು) ಹೋಗುವ ತೆಳ್ಳನೆಯ ಪೈಪಿನ ಬ್ಯಾಂಜೋ ಬೋಲ್ಟನ್ನು (ಒಳಗೆ ಆಯಿಲ್ ಹರಿಯುವ ಟೊಳ್ಳು ಬೋಲ್ಟು) ಐಡಲಿಂಗ್‌ನಲ್ಲಿ ಅರ್ಧ ಸುತ್ತು ಸಡಿಲಿಸಿ. ಅರ್ಧ ನಿಮಿಷದೊಳಗೆ ಆಯಿಲ್ ಜಿನುಗಬೇಕು. ಜಿನುಗದಿದ್ದರೆ ತಕ್ಷಣ ಆಫ್ ಮಾಡಿಸಿ. ಈ ಎಂಜಿನ್ನಿನ ಬಿಗ್ ಎಂಡ್‌ನಲ್ಲಿ (ಪಿಸ್ಟನ್ ರಾಡ್ ಕ್ರ್ಯಾಂಕ್ ಹಿಡಿಯುವ ತುದಿ) ರೋಲರ್ ಇಲ್ಲ, ಫ್ಲೋಟಿಂಗ್ ಬುಶ್ (ಸಡಿಲವಾಗಿ ತಿರುಗುವ ಬಳೆ) ಇದೆ. ಆಯಿಲ್ ಇಲ್ಲದೆ ಸ್ವಲ್ಪ ದೂರ ಓಡಿದರೂ ಮೊದಲು ಸಾಯೋದು ಅದೇ.

ಇನ್ನು ಸದ್ದು. ಟಿಕ್ ಟಿಕ್ ಅಂತ ಬಲಗಡೆ ಮೇಲಿನಿಂದ ಬಂದರೆ ಟ್ಯಾಪೆಟ್ (ವಾಲ್ವ್ ಎತ್ತುವ ಭಾಗ), ಅದಕ್ಕೆ ಹೆದರಬೇಡಿ. ಬಲಬದಿಯ ಸಣ್ಣ ಟ್ಯಾಪೆಟ್ ಕವರ್ ಒಂದೇ ನಟ್ಟಿನದು. ತಣ್ಣಗಿರುವಾಗ, ಪಿಸ್ಟನ್ ಕಂಪ್ರೆಷನ್ ಸ್ಟ್ರೋಕ್‌ನ ಮೇಲ್ತುದಿಯಲ್ಲಿದ್ದಾಗ, ಪುಶ್‌ರಾಡ್ (ಟ್ಯಾಪೆಟ್‌ನಿಂದ ರಾಕರ್‌ಗೆ ಹೋಗುವ ಕಂಬಿ) ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲುಗಬಾರದು. ಇಷ್ಟೇ ಹೊಂದಾಣಿಕೆ, ಗೇಜ್ ಕೂಡ ಬೇಡ. ತಣ್ಣಗಿದ್ದಾಗ ಪಿಸ್ಟನ್ ಕಟಕಟ ಅಂದು, ಬಿಸಿಯಾದಂತೆ ಕಡಿಮೆಯಾದರೆ ಅದು ಪಿಸ್ಟನ್ ಸ್ಲ್ಯಾಪ್. ಸಹಿಸಬಹುದು. ಬಿಸಿಯಾದ ಮೇಲೂ ಇದ್ದರೆ ರೀಬೋರ್ (ಸಿಲಿಂಡರ್ ಕೊರೆದು ದೊಡ್ಡ ಪಿಸ್ಟನ್ ಹಾಕೋ ಕೆಲಸ) ಹತ್ತಿರ ಬಂದಿದೆ. ಹಿಂದೆ ಎಷ್ಟು ಓವರ್‌ಸೈಜ್ ಹೋಗಿದೆ ಅಂತ ಕೇಳಿ: ಇಪ್ಪತ್ತಾ, ನಲವತ್ತಾ (ಇಂಚಿನ ಸಾವಿರದ ಭಾಗದಲ್ಲಿ)? ನಲವತ್ತು ಮುಗಿಸಿದ ಬ್ಯಾರಲ್ಲಿಗೆ ಮುಂದಿನ ಸಲ ಲೈನರ್ (ಒಳಕವಚ) ಹಾಕಿಸಬೇಕಾಗಬಹುದು.

ಭಯಪಡಬೇಕಾದ ಸದ್ದು ಒಂದೇ. ಥ್ರಾಟಲ್ ಕೊಟ್ಟಾಗ ಕ್ರ್ಯಾಂಕ್‌ಕೇಸಿನ ತಳದಿಂದ ಡಗ್ ಡಗ್ ಅಂತ ಭಾರದ ಬಡಿತ, ಆರ್‌ಪಿಎಂ ಜೊತೆ ಏರುವಂಥದ್ದು. ಉದ್ದದ ಸ್ಕ್ರೂಡ್ರೈವರ್ ತುದಿ ಕ್ರ್ಯಾಂಕ್‌ಕೇಸಿಗೆ, ಹಿಡಿ ಕಿವಿಗೆ. ಈ ಬಡಿತ ಕೇಳಿದರೆ ಎಂಜಿನ್ ಪೂರ್ತಿ ಬಿಚ್ಚಿ ಕ್ರ್ಯಾಂಕ್ ಹೊರಗೆ ತೆಗೆಯೋ ಕೆಲಸ. ಮೇಲಿನ ಅರ್ಧದ ರೋಗ ಬೆಲೆ ಇಳಿಸೋಕೆ ಒಳ್ಳೇ ಕಾರಣ. ಕೆಳಗಿನ ಅರ್ಧದ ರೋಗ ಇದ್ದರೆ ಗಾಡಿಯನ್ನು ಅವರಿಗೇ ಬಿಟ್ಟುಬಿಡಿ, ನಿಮಗೆ ಬುಲೆಟ್ ಹೊಸದು ಅಂದಿದ್ದೀರಿ.

---

ಖಂಬಾಟಕಿ:

ಎಂಜಿನ್ ಮಾತು ಅವರು ಹೇಳ್ಯಾರ, ಛಲೋ ಹೇಳ್ಯಾರ. ಆದ್ರ ಈ ಗಾಡಿಗೆ ಎಂಜಿನ್‌ಕಿಂತ ಕಾಗದಾನ ದೊಡ್ಡ ರೋಗ ಐತಿ ನೋಡ್ರಿ. "ಏಜೆಂಟ್ ಮಾಡಿಕೊಡ್ತಾನ" ಅನ್ನೋ ಮಾತಿಗೆ ಒಂದು ರೂಪಾಯಿ ಸೈತ ಅಡ್ವಾನ್ಸ್ ಕೊಡಬ್ಯಾಡ್ರಿ.

ಆರ್‌ಸಿ ಮುಗದೈತಿ ಅಂದ್ರ ಆ ಗಾಡಿ ರಸ್ತೆ ಮ್ಯಾಲೆ ಬರೋಹಂಗಿಲ್ಲ. ಮೊದಲು ಅವರ ಹೆಸರಿನಾಗ ನವೀಕರಣ ಆಗಲಿ, ಆಮ್ಯಾಲೆ ನಿಮ್ಮ ಹೆಸರಿಗೆ ವರ್ಗಾವಣೆ. ಈ ಕ್ರಮ ತಿರುವುಮುರುವು ಮಾಡೂಣ ಅಂದ್ರ ಒಪ್ಪಬ್ಯಾಡ್ರಿ. ನವೀಕರಣಕ್ಕ ಫಾರ್ಮ್ 25, ಗಾಡಿ ಒಯ್ದು ಇನ್‌ಸ್ಪೆಕ್ಟರ್‌ಗೆ ತೋರಿಸಬೇಕು, ಚಾಲ್ತಿ ವಿಮಾ ಮತ್ತ ಪಿಯುಸಿ ಬೇಕು, ಮಹಾರಾಷ್ಟ್ರದಾಗ 15 ವರ್ಷ ದಾಟಿದ ಗಾಡಿಗೆ ಪರ್ಯಾವರಣ (ಪರಿಸರ) ತೆರಿಗೆ ಬ್ಯಾರೆ. ತಡ ಮಾಡಿದ್ದಕ್ಕ ದುಚಾಕಿಗೆ ತಿಂಗಳಿಗೆ 300 ರೂಪಾಯಿ ದಂಡ ಅಂತ ಕೇಂದ್ರದ ನಿಯಮದಾಗ ಐತಿ; ಎರಡು ವರ್ಷಕ್ಕ 7,200 ಆತು. ಅದಲ್ಲದ 20 ವರ್ಷ ದಾಟಿದ ಗಾಡಿಗೆ 2025ರ ಆಗಸ್ಟ್‌ನಿಂದ ನವೀಕರಣ ಫೀ ಏರ್‍ಯಾದ, ಮೋಟರ್‌ಸೈಕಲ್‌ಗೆ 2,000. ಪರಿವಾಹನ್ ವೆಬ್‌ಸೈಟಿನಾಗ ಅರ್ಜಿ ತುಂಬಿದ್ರ ಒಟ್ಟು ಎಷ್ಟು ಅಂತ ಅದ ತೋರಸ್ತದ. ಆ ಅಂಕಿ ಮುಂದಿಟ್ಟು ರೇಟ್ ಮಾತಾಡ್ರಿ.

ಮನಿಯಾಗ ಕುಂತ ಮಾಡೂ ಕೆಲಸ: ಎಂಪರಿವಾಹನ್‌ನಾಗ ನಂಬರ್ ಹಾಕಿ ಮಾಲೀಕರ ಹೆಸರು, ವಿಮಾ ತಾರೀಖು, ಸಾಲದ ನಮೂದು ನೋಡ್ರಿ. ಸಾಲ ತೋರಿಸಿದ್ರ ಬ್ಯಾಂಕಿನ ಎನ್‌ಒಸಿ ಮತ್ತ ಫಾರ್ಮ್ 35 (ಸಾಲದ ನಮೂದು ತಗಸೂ ಅರ್ಜಿ) ಕೈಗೆ ಬರೋತನಕ ಸುಮ್ಮನಿರ್ರಿ. ಮಹಾರಾಷ್ಟ್ರ ಟ್ರಾಫಿಕ್ ಈ ಚಲಾನ್ ಪುಟದಾಗ ಬಾಕಿ ದಂಡ ನೋಡ್ರಿ, ಅದು ಮಾರಾವ್ರ ಕಟ್ಟಬೇಕು. ಎಚ್‌ಎಸ್‌ಆರ್‌ಪಿ (ಹೊಸ ಸುರಕ್ಷತಾ ನಂಬರ್) ಪ್ಲೇಟ್ ಐತೇನು? ಇಲ್ಲಂದ್ರ ವರ್ಗಾವಣೆ ಅರ್ಜಿ ಮುಂದ ಹೋಗೂದಿಲ್ಲ. ದುಚಾಕಿಗೆ 450 ಮತ್ತ ಜಿಎಸ್‌ಟಿ ಸೇರಿ 531 ರೂಪಾಯಿ, ದೊಡ್ಡ ರೊಕ್ಕ ಅಲ್ಲ, ಆದ್ರ ಅಪಾಯಿಂಟ್‌ಮೆಂಟ್ ತಡ ಆಗತದ.

ನಂಬರ್ ತಾಳೆ ನೀವ ಮಾಡ್ರಿ. ಚಾಸಿಸ್ ನಂಬರ್ ಹ್ಯಾಂಡಲ್ ತಲಿ ಹತ್ರ ಫ್ರೇಮಿನ ಮ್ಯಾಲೆ ಐತಿ, ಎಂಜಿನ್ ನಂಬರ್ ಕ್ರ್ಯಾಂಕ್‌ಕೇಸಿನ ಎಡಬದಿ. ಹೊಸ ಪೇಂಟ್ ಹೊಡದಾರ ಅಂದ್ರ ಚಾಸಿಸ್ ನಂಬರಿನ ಮ್ಯಾಲೆ ದಪ್ಪ ಬಣ್ಣ ಕುಂತಿರತದ. ತೆಳ್ಳನ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತಗೀರಿ, ಆರ್‌ಟಿಒ ಅರ್ಜಿಗೂ ಅದ ಬೇಕಾಗತದ. ಅಕ್ಷರ ಒಂದಕ್ಕೊಂದು ಸಮಾ ಇಲ್ಲ, ಸುತ್ತ ಗ್ರೈಂಡರ್ ಗೆರಿ ಐತಿ, ಆರ್‌ಸಿಯಾಗ ಒಂದು ಅಂಕಿ ಬ್ಯಾರೆ ಐತಿ ಅಂದ್ರ ಅಲ್ಲೇ ಕೈ ಮುಗದು ಬರ್ರಿ. ಪುಣೆ ಕಂಟೋನ್ಮೆಂಟ್ ಊರು, "ಮಿಲಿಟರಿ ಹರಾಜಿನ ಗಾಡಿ" ಅಂತ ಹೇಳಿ ಕತಿ ಕಟ್ಟಾವ್ರು ಭಾಳ. ಹರಾಜಿಂದಾದ್ರ ಹರಾಜಿನ ಕಾಗದ ಬೇಕು, ಕತಿ ಅಲ್ಲ.

ವರ್ಗಾವಣೆಗೆ ಫಾರ್ಮ್ 29 ಎರಡು ಪ್ರತಿ, ಫಾರ್ಮ್ 30, ಎರಡರ ಮ್ಯಾಲೂ ಸಹಿ ನಿಮ್ಮ ಮುಂದ ಆಗಲಿ. ಮೂರನೇ ಮಾಲೀಕ ಅಂತ ಹೇಳಾವ್ರ ಹೆಸರು ಆರ್‌ಸಿಯಾಗ ಐತೋ ಇಲ್ಲೋ ನೋಡ್ರಿ. ಎರಡನೇದಾವ್ರ ಹೆಸರ ಇನ್ನೂ ಕುಂತಿದ್ರ ಅವರನ್ನ ಹುಡುಕೂ ಕೆಲಸ ನಿಮ್ಮ ತಲಿ ಮ್ಯಾಲೆ ಬರತದ. ಮುಂದ ಊರಿಗೆ ವಾಪಸ್ ಹೋದ್ರ 12 ತಿಂಗಳ ಮ್ಯಾಲೆ ಕರ್ನಾಟಕದಾಗ ಇಟ್ಟುಕೋಬೇಕಂದ್ರ ಫಾರ್ಮ್ 28ರ ಎನ್‌ಒಸಿ ತಗೊಂಡು ಅಲ್ಲಿ ಮರುನೋಂದಣಿ, ಅಲ್ಲಿ ತೆರಿಗಿ. ಬರೇ ಬೆಳಗಾವಿಗೆ ಹೋಗಿ ಬರಾಕ ಅದೇನೂ ಬ್ಯಾಡ.

---

ಹಳೇ ಪ್ಲಾಟಿನಂ:

ಮೇಲಿನ ಎರಡಕ್ಕೆ ಸೇರಿಸೋದು ಇಷ್ಟು.

ಹೊಗೆ ಓದೋದು ಕಲಿತರೆ ಅರ್ಧ ಎಂಜಿನ್ ಓದಿದ ಹಾಗೆ. ಎಳೆಯುವಾಗ, ಥ್ರಾಟಲ್ ತೆರೆದಷ್ಟು ಹೊತ್ತೂ ನೀಲಿ ಹೊಗೆ ಬರ್ತಾ ಇದ್ದರೆ ರಿಂಗ್ ಮತ್ತು ಬೋರ್. ಥ್ರಾಟಲ್ ಮುಚ್ಚಿ ಇಳಿಜಾರು ಇಳಿದು ಮತ್ತೆ ತೆರೆದಾಗ ಮಾತ್ರ ಒಂದು ಗುಪ್ಪೆ ಬಂದು ನಿಂತರೆ ವಾಲ್ವ್ ಗೈಡ್ (ವಾಲ್ವ್ ಜಾರುವ ಕೊಳವೆ). ಮುಚ್ಚಿದ ಥ್ರಾಟಲ್‌ನಲ್ಲಿ ಇನ್‌ಲೆಟ್ ಕಡೆಯ ನಿರ್ವಾತ ಗೈಡಿನ ಸಂದಿಯಿಂದ ಆಯಿಲ್ ಎಳೆದುಕೊಳ್ಳುತ್ತೆ. ಕಪ್ಪು ಹೊಗೆ ಕಾರ್ಬುರೇಟರ್ ಕೊಡುವ ಹೆಚ್ಚಿನ ಪೆಟ್ರೋಲು, ಅದು ಬಿಡಿ. ಕಾತ್ರಜ್ ಹಳೇ ಘಾಟ್ ಏರಿ ಸುರಂಗ ದಾಟಿ ಶಿಂದೇವಾಡಿ ಕಡೆ ಇಳಿದರೆ ಎರಡೂ ಪರೀಕ್ಷೆ ಒಂದೇ ಸಲಕ್ಕೆ ಆಗುತ್ತೆ, ಆದರೆ ಖಂಬಾಟಕಿಯವರು ಹೇಳಿದ್ದು ಸರಿ, ಆರ್‌ಸಿ ಸತ್ತ ಗಾಡಿಯಲ್ಲಿ ಘಾಟ್ ಹತ್ತಬೇಡಿ. ಅಪಘಾತವಾದರೆ ವಿಮೆಯವರು ಮೊದಲು ಕೇಳೋದೇ ಅದನ್ನು. ಸೊಸೈಟಿ ಕಾಂಪೌಂಡಿನಲ್ಲಿ ಚೆನ್ನಾಗಿ ಬಿಸಿಯಾದ ಮೇಲೆ ಎರಡು ಮೂರು ನಿಮಿಷ ಐಡಲಿಂಗ್ ಬಿಟ್ಟು ಒಮ್ಮೆ ಥ್ರಾಟಲ್ ಕೊಡಿ. ಗೈಡ್ ಹೋಗಿದ್ದರೆ ಅಲ್ಲೂ ಗುಪ್ಪೆ ಕಾಣುತ್ತೆ.

ಗೇರು: ಒಂದು ಮೇಲೆ, ಮೂರು ಕೆಳಗೆ, ಬ್ರೇಕು ಎಡಗಾಲಿಗೆ. ಪಲ್ಸರ್ ರೂಢಿಯ ಕಾಲು ಮೊದಲ ದಿನ ಬ್ರೇಕ್ ಅಂದುಕೊಂಡು ಗೇರ್ ಒತ್ತುತ್ತೆ, ಕಾಂಪೌಂಡ್ ಒಳಗೇ ಅಭ್ಯಾಸ ಮಾಡಿ. ಗೇರ್‌ಗಳ ನಡುವೆ ಸುಳ್ಳು ನ್ಯೂಟ್ರಲ್ ಸಿಗೋದು ಈ ಅಲ್ಬಿಯನ್ ಗೇರ್‌ಬಾಕ್ಸಿನ ಹುಟ್ಟುಗುಣ, ಅದನ್ನು ದೋಷ ಅಂತ ಲೆಕ್ಕ ಹಾಕಬೇಡಿ. ಹಾಕಿದ ಗೇರು ಥ್ರಾಟಲ್ ಕೊಟ್ಟಾಗ ಹೊರಗೆ ಹಾರಿದರೆ ಮಾತ್ರ ದೋಷ; ಡಾಗ್ (ಗೇರ್ ಕೂಡಿಸುವ ಹಲ್ಲು) ಮೂಲೆಗಳು ಉರುಟಾಗಿವೆ, ಬಾಕ್ಸ್ ಬಿಚ್ಚಬೇಕು.

ಹಿಂದಿನ ಸ್ಪ್ರಾಕೆಟ್ ತಪ್ಪದೆ ನೋಡಿ. ಈ ಮಾಡೆಲ್‌ನಲ್ಲಿ 38 ಹಲ್ಲಿನ ಸ್ಪ್ರಾಕೆಟ್ ಮತ್ತು ಬ್ರೇಕ್ ಡ್ರಮ್ ಒಂದೇ ಎರಕ. ಹಲ್ಲು ಕೊಕ್ಕೆಯಾಗಿದ್ದರೆ ಡ್ರಮ್ ಸಮೇತ ಬದಲಿಸಬೇಕು. ಚೈನನ್ನು ಸ್ಪ್ರಾಕೆಟ್ಟಿನ ಹಿಂತುದಿಯಲ್ಲಿ ಬೆರಳಲ್ಲಿ ಎಳೆಯಿರಿ, ಅರ್ಧ ಹಲ್ಲು ಕಂಡರೆ ಚೈನ್ ಮುಗಿದಿದೆ.

ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿ, ಮಧ್ಯದಲ್ಲಿ ಕಚ್ಚಿದ ಹಾಗೆ ನಿಂತರೆ ಸ್ಟೀರಿಂಗ್ ಬಾಲ್ ರೇಸಿನಲ್ಲಿ ಗುಳಿ ಬಿದ್ದಿವೆ. ಹಿಂದಿನ ಚಕ್ರ ಪಕ್ಕಕ್ಕೆ ಅಲುಗಿಸಿ ಸ್ವಿಂಗ್ ಆರ್ಮ್ ಬುಶ್ ನೋಡಿ. ಟೈರು 3.25-19, ಬದಿಯ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಹೊಳೆಯುವ ಟೈರು ಹೊಸ ಟೈರಾಗಿರಬೇಕಿಲ್ಲ.

ಚಾರ್ಜಿಂಗಿಗೆ ಮಲ್ಟಿಮೀಟರ್ ಒಯ್ಯಿರಿ. ಎಂಜಿನ್ ನಿಂತಾಗ ಬ್ಯಾಟರಿ 12.6ರ ಹತ್ತಿರ, ರೇಸ್ ಕೊಟ್ಟಾಗ 13.5ರಿಂದ 14.5 ವೋಲ್ಟ್. ಇದಕ್ಕಿಂತ ಕೆಳಗೇ ಉಳಿದರೆ ಸ್ಟೇಟರ್ (ಕರೆಂಟ್ ಹುಟ್ಟಿಸುವ ಸುರುಳಿ) ಅಥವಾ ಆರ್‌ಆರ್ ಯುನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್), ಮೇಲೆ ಹೋದರೆ ಆರ್‌ಆರ್ ಯುನಿಟ್ಟೇ.

ಒಂದು ಅಭಿಪ್ರಾಯ: ನಿಮ್ಮ ಬಳಕೆಯಲ್ಲಿ ಬೆಳಗಾವಿ ಇದೆ, ಹೋಗೋಕೇ ಸುಮಾರು 340 ಕಿ.ಮೀ. ಈ ಎಂಜಿನ್ ಗಂಟೆಗೆ 60–70ರಲ್ಲಿ ದಿನವಿಡೀ ಓಡುತ್ತೆ. ಹೈವೇಯಲ್ಲಿ 90 ಹಿಡಿದು ಲಾರಿ ಹಿಂದಿಕ್ಕುವ ಆಸೆ ಇದ್ದರೆ ಯುಸಿಇ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕೇಸಿನಲ್ಲಿರುವ ಮುಂದಿನ ಪೀಳಿಗೆಯ) ಎಂಜಿನ್ನಿನ ಗಾಡಿ ನೋಡಿ, ಹೈಡ್ರಾಲಿಕ್ ಟ್ಯಾಪೆಟ್, ಐದು ಗೇರು, ಎಡಗಾಲು.

---

ಕೋಥ್ರುಡ್‌ಕರ್:

ಹೋಗಿ ಬಂದೆ, ಎಲ್ಲರಿಗೂ ಧನ್ಯವಾದ. ಕಂಡದ್ದು ಇದು:

ಎಂಜಿನ್ ತಣ್ಣಗಿತ್ತು, ಗಾಡಿ ಒಂದು ತಿಂಗಳಿಂದ ನಿಂತೇ ಇದೆಯಂತೆ. ಕಂಪ್ರೆಷನ್ ಭಾರ ಹೊರುತ್ತೆ. ಸ್ಟಾರ್ಟ್ ಆದ ಕೂಡಲೇ ದಟ್ಟ ನೀಲಿ ಹೊಗೆ, ಎರಡು ಮೂರು ನಿಮಿಷದಲ್ಲಿ ಪೂರ್ತಿ ನಿಂತುಹೋಯ್ತು, ಆಮೇಲೆ ರೇಸ್ ಕೊಟ್ಟರೂ ಬರಲಿಲ್ಲ. ಶುರುವಿಗೆ ಡಿಪ್‌ಸ್ಟಿಕ್ ಬಹುತೇಕ ಒಣಗಿತ್ತು. ಓಡಿಸಿದ ಮೇಲೆ ಗುರುತಿನವರೆಗೆ ಬಂತು! ಬ್ಯಾಂಜೋದಲ್ಲಿ ಆಯಿಲ್ ಜಿನುಗಿತು. ತಳದ ಬಡಿತ ಕೇಳಲಿಲ್ಲ, ಟ್ಯಾಪೆಟ್ ಟಿಕ್ ಟಿಕ್ ಇದೆ. ಕ್ಲಚ್ ಹಿಡಿದು ಮೊದಲ ಗೇರ್ ಹಾಕಿದರೆ ಗಾಡಿ ಮುಂದಕ್ಕೆ ಜಗ್ಗುತ್ತೆ, ನಿಂತಾಗ ನ್ಯೂಟ್ರಲ್ ಸಿಗೋದು ಕಷ್ಟ. ಪ್ರೈಮರಿ ಕವರ್ (ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಚೈನಿನ ಮುಚ್ಚಳ) ಕೆಳಗೆ ಆಯಿಲ್ ಹನಿ. ಹಿಂದಿನ ಸ್ಪ್ರಾಕೆಟ್ ಹಲ್ಲು ಸ್ಪಷ್ಟ ಕೊಕ್ಕೆ. ಚಾರ್ಜಿಂಗ್ 13.9. ಎರಡೂ ನಂಬರ್ ಆರ್‌ಸಿಗೆ ತಾಳೆಯಾಗಿವೆ, ಹೆಸರೂ ಅವರದ್ದೇ, ಸಾಲ ಇಲ್ಲ. ಆರ್‌ಸಿ ನವೀಕರಿಸಿಕೊಡ್ತೇನೆ ಅಂತ ಒಪ್ಪಿದ್ದಾರೆ, ಆದರೆ ಅದರ ಖರ್ಚು ನನ್ನದಂತೆ.

ಆ ಹೊಗೆಗೆ ಹೆದರಬೇಕಾ?

---

ಪುಶ್‌ರಾಡ್_350:

ಬೇಡ. ಅದಕ್ಕೆ ವೆಟ್ ಸಂಪಿಂಗ್ ಅನ್ನುತ್ತಾರೆ. ಈ ಎಂಜಿನ್ನಿನ ಆಯಿಲ್ ಟ್ಯಾಂಕ್ ಕ್ರ್ಯಾಂಕ್‌ಕೇಸಿನದೇ ಒಂದು ಕೋಣೆ. ಗಾಡಿ ವಾರಗಟ್ಟಲೆ ನಿಂತರೆ ಆಯಿಲ್ ಪಂಪಿನ ಸಂದಿಯಿಂದ ಕ್ರ್ಯಾಂಕ್ ಇರುವ ಕೋಣೆಗೆ ಇಳಿಯುತ್ತೆ, ಸ್ಟಾರ್ಟ್ ಆದಾಗ ಸುಟ್ಟು ಹೊಗೆಯಾಗುತ್ತೆ, ರಿಟರ್ನ್ ಪಂಪ್ ಉಳಿದದ್ದನ್ನು ಟ್ಯಾಂಕಿಗೆ ವಾಪಸ್ ಕಳಿಸುತ್ತೆ. ಡಿಪ್‌ಸ್ಟಿಕ್ ಮೊದಲು ಒಣಗಿದ್ದು ಆಮೇಲೆ ತುಂಬಿದ್ದೇ ಇದಕ್ಕೆ ಸಾಕ್ಷಿ. ರಿಂಗ್ ಹೋಗಿದ್ದರೆ ಹೊಗೆ ನಿಲ್ಲುತ್ತಿರಲಿಲ್ಲ. ಒಂದು ತಿಂಗಳಿಗೆ ಇಷ್ಟು ಇಳಿದರೆ ಪರವಾಗಿಲ್ಲ. ಒಂದು ರಾತ್ರಿಗೇ ಇಳಿದರೆ ಪಂಪ್ ಸವೆದಿದೆ. ಇನ್ನೊಮ್ಮೆ ಹೋಗುವಾಗ ಹಿಂದಿನ ದಿನ ಓಡಿಸಿಟ್ಟು ಮರುದಿನ ಬೆಳಗ್ಗೆ ಡಿಪ್‌ಸ್ಟಿಕ್ ನೋಡಿ. ಡಿಪ್‌ಸ್ಟಿಕ್ ಒಣಗಿದೆ ಅಂತ ಮೇಲಿಂದ ಆಯಿಲ್ ತುಂಬುವವರಿದ್ದಾರೆ, ಹಾಗೆ ಮಾಡಿದರೆ ಓಡಿದ ಮೇಲೆ ಹೆಚ್ಚಾಗಿ, ಎಂಜಿನ್ನಿನ ಗಾಳಿ ಹೊರಬಿಡುವ ಬ್ರೀದರ್‌ನಿಂದ ಹೊರಗೆ ಉಗುಳುತ್ತೆ.

ಕ್ಲಚ್ ಜಗ್ಗೋದು ತಿಂಗಳು ನಿಂತ ಗಾಡಿಯಲ್ಲಿ ಸಹಜ, ಪ್ಲೇಟುಗಳು ಅಂಟಿರುತ್ತವೆ. ಸ್ಟಾರ್ಟ್ ಮಾಡುವ ಮೊದಲು ಕ್ಲಚ್ ಹಿಡಿದು ನಾಲ್ಕು ಸಲ ಕಿಕ್ ಒತ್ತಿದರೆ ಬಿಡಿಸಿಕೊಳ್ಳುತ್ತವೆ. ಆಮೇಲೂ ಜಗ್ಗಿದರೆ ಕೇಬಲ್ ಹೊಂದಾಣಿಕೆ, ಅದೂ ಆಗದಿದ್ದರೆ ಕ್ಲಚ್ ಸ್ಪ್ರಿಂಗುಗಳು ಒಂದೇ ಸಮ ಬಿಗಿಯಾಗಿಲ್ಲ.

ನನಗೆ ಕುತೂಹಲ ಇರೋದು ಪ್ರೈಮರಿ ಹನಿಯ ಮೇಲೆ. ಆ ಕವರ್ ಒಂದೇ ನಟ್ಟಿನಲ್ಲಿ, ಒಂದು ರಬ್ಬರ್ ಸೀಲಿನ ಮೇಲೆ ಕೂರುತ್ತೆ. ಸೀಲ್ ಗಟ್ಟಿಯಾಗಿದ್ದರೆ ಹನಿ ಬರೋದು ಮಾಮೂಲಿ. ಆದರೆ ಲೆವೆಲ್ ಪ್ಲಗ್ ಬಿಚ್ಚಿಸಿ ನೋಡಿ. ಅಲ್ಲಿ ಇರಬೇಕಾದ್ದು ಸುಮಾರು 420 ಮಿಲಿ. ಪ್ಲಗ್ ತೆಗೆದಾಗ ಧಾರೆಯಾಗಿ ಸುರಿದರೆ ಎಂಜಿನ್ ಆಯಿಲ್ ಕ್ರ್ಯಾಂಕ್ ಸೀಲ್ ದಾಟಿ ಒಳಗೆ ಬರುತ್ತಿದೆ. ಸೀಲ್ ಬೆಲೆ ಚಿಲ್ಲರೆ, ಆದರೆ ಅದನ್ನು ತಲುಪೋಕೆ ಕ್ಲಚ್, ಪ್ರೈಮರಿ ಚೈನ್, ಆಲ್ಟರ್ನೇಟರ್ ಎಲ್ಲ ತೆಗೆಯಬೇಕು. ಕವರ್ ತೆಗೆದಾಗ ಪ್ರೈಮರಿ ಚೈನ್ ಅತಿ ಬಿಗಿಯಿರುವ ಜಾಗದಲ್ಲೂ 6 ಮಿ.ಮೀ. ಅಲುಗುತ್ತಾ ನೋಡಿಸಿ.

ಇನ್ನೊಂದು ಕೆಲಸ, ಅವರು ಒಪ್ಪಿದರೆ: ಬಲಬದಿ ಟೈಮಿಂಗ್ ಕವರಿನಲ್ಲಿರುವ ಆಯಿಲಿನ ಫೆಲ್ಟ್ ಫಿಲ್ಟರ್ ಹೊರಗೆಳೆದು ಬಿಳಿ ಬಟ್ಟೆಯ ಮೇಲೆ ಹಿಂಡಿ. ಬೂದು ಬಣ್ಣದ ಹೊಳೆಯುವ ಚೂರು ಕಂಡರೆ ಬಿಗ್ ಎಂಡ್ ಬುಶ್, ಹಿತ್ತಾಳೆ ಬಣ್ಣದ್ದು ಕಂಡರೆ ಸ್ಮಾಲ್ ಎಂಡ್ (ರಾಡಿನ ಪಿಸ್ಟನ್ ಕಡೆಯ ತುದಿ) ಥರದ ಬುಶ್‌ಗಳು. ಬರೀ ಕಪ್ಪು ಕೆಸರಾದರೆ ಹಳೇ ಆಯಿಲ್, ಅಷ್ಟೇ. ಇಡೀ ತಪಾಸಣೆಯಲ್ಲಿ ಸುಳ್ಳು ಹೇಳದ ಸಾಕ್ಷಿ ಇದು.

---

ಖಂಬಾಟಕಿ:

ನಂಬರ್ ತಾಳೆ, ಹೆಸರು ಅವರದ, ಸಾಲ ಇಲ್ಲ. ಆತು, ದೊಡ್ಡ ಗಂಡಾಂತರ ದಾಟಿದ್ರಿ. ನವೀಕರಣದ ಖರ್ಚು ನಿಮ್ಮದು ಅಂತಾರಲ್ಲ, ಅದು ಮಾತ್ರ ಒಪ್ಪಬ್ಯಾಡ್ರಿ. ತಡ ಮಾಡಿದವ್ರು ಅವರು. ಆಗೂದಿಲ್ಲ ಅಂದ್ರ ಆ ರೊಕ್ಕ ಗಾಡಿ ರೇಟಿನಾಗ ಕಡಿಮಿ ಮಾಡಿಸ್ರಿ. ಹೊಸ ಆರ್‌ಸಿ ಆನ್‌ಲೈನ್‌ನಾಗ ಕಾಣೋತನಕ ಪೂರ್ತಿ ರೊಕ್ಕ ಕೊಡಬ್ಯಾಡ್ರಿ, ಅಲ್ಲೀತನ ಗಾಡಿ ಅವರ ಮನಿಯಾಗ ಇರಲಿ. ಇನ್‌ಸ್ಪೆಕ್ಷನ್‌ಗೆ ಒಯ್ಯೂ ಮೊದಲ ಸೈಲೆನ್ಸರ್ ಕಂಪನಿದು ಐತೇನು ನೋಡ್ರಿ. ಬಡಬಡ ಸದ್ದಿನ ಪೈಪ್ ಹಾಕಿದ್ರ ಅಲ್ಲೂ ತಕರಾರು, ಪುಣೆ ಪೊಲೀಸರ ಕಡೆನೂ ತಕರಾರು.

---

ಹಳೇ ಪ್ಲಾಟಿನಂ:

ಫೆಲ್ಟ್ ಶುದ್ಧ ಇದ್ದು, ಪ್ರೈಮರಿ ಲೆವೆಲ್ ಸರಿ ಇದ್ದರೆ ತಗೊಳ್ಳಿ. ಚೌಕಾಸಿಗೆ ಡ್ರಮ್, ಚೈನ್, ಪ್ರೈಮರಿ ಸೀಲ್, ಮೀಟರ್ ಕೇಬಲ್, ಕಾಗದದ ಬಾಕಿ ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಿಡಿಭಾಗದ ರೇಟನ್ನು ನಾನಾ ಪೇಠ್‌ನ ಎರಡು ಅಂಗಡಿಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.

ಮನೆಗೆ ತಂದ ಮೇಲೆ ಪೆಟ್ರೋಲ್ ದಾರಿ ನೋಡಿ. 2004ರ ರಬ್ಬರ್ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿಗೆ ಮಾಡಿದ್ದಲ್ಲ. ಪೈಪು ಮೆತ್ತಗಾಗುತ್ತೆ, ಪೆಟ್ರೋಲ್ ಕಾಕಿನ ವಾಷರ್ ಉಬ್ಬುತ್ತೆ, ಕಾರ್ಬುರೇಟರ್ ಫ್ಲೋಟ್ ನೀಡಲ್ಲಿನ ತುದಿ ಕೂರದೆ ಪೆಟ್ರೋಲ್ ಉಕ್ಕುತ್ತೆ. ಪೈಪು, ವಾಷರ್, ನೀಡಲ್ ಮೂರನ್ನೂ ಒಟ್ಟಿಗೆ ಬದಲಿಸಿ. ಎಥನಾಲ್ ನೀರು ಹೀರುತ್ತೆ, ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಕಾಕ್ ಮುಚ್ಚಿ ಕಾರ್ಬುರೇಟರ್ ಬೌಲ್ ಖಾಲಿ ಮಾಡಿ. ಟ್ಯಾಂಕಿನೊಳಗೆ ಟಾರ್ಚ್ ಹಾಕಿ ತುಕ್ಕು ನೋಡಿಕೊಳ್ಳಿ. ಹೊರಗೆ ಹೊಸ ಬಣ್ಣ ಇದ್ದಷ್ಟೂ ಒಳಗೆ ನೋಡುವ ಅಗತ್ಯ ಹೆಚ್ಚು.

ಎಂಜಿನ್ ಆಯಿಲ್ 20ಡಬ್ಲ್ಯು50, ಹಳೆಯದನ್ನು ಟ್ಯಾಂಕ್ ಮತ್ತು ಸಂಪ್ ಎರಡೂ ಪ್ಲಗ್‌ಗಳಿಂದ ಇಳಿಸಿ, ಒಂದನ್ನೇ ತೆಗೆದರೆ ಅರ್ಧ ಹಳೇದೇ ಉಳಿಯುತ್ತೆ. ಡ್ರಮ್ ಹಾಕಿಸುವಾಗ ಹಿಂದಿನ ಹಬ್ಬಿನ ಕುಶ್ ರಬ್ಬರ್ (ಎಳೆತದ ಪೆಟ್ಟು ತಗ್ಗಿಸುವ ರಬ್ಬರ್), ಚೈನ್, ಗೇರ್‌ಬಾಕ್ಸಿನ ಮುಂದಿನ ಸ್ಪ್ರಾಕೆಟ್ ಕೂಡ ಅದೇ ದಿನ ಬದಲಿಸಿ. ಹಳೇ ಚೈನ್ ಹೊಸ ಹಲ್ಲಿನ ಮೇಲೆ ಓಡಿದರೆ ಡ್ರಮ್ಮಿಗೆ ಕೊಟ್ಟ ದುಡ್ಡು ಒಂದೇ ಮಳೆಗಾಲಕ್ಕೆ ಸವೆದುಹೋಗುತ್ತೆ.